ಆನೆಯ ದಾರಿಯೂ ಮನುಷ್ಯನ ಬೇಲಿಯೂ

ಮೈಸೂರು ಸೀಮೆಯ ದಕ್ಷಿಣದಲ್ಲಿ, ಕಪಿಲಾನದಿಯ ದಡದ ಕಾಕನಕೋಟೆಯ ಕಾಡಿನಲ್ಲಿ, ಹೈದರಾಲಿಯು ಕಾಡಾನೆಗಳನ್ನು ಹಿಂಡುಹಿಂಡಾಗಿ ಹಿಡಿಯಲು ಯತ್ನಿಸಿ ಸೋತನೆಂದೂ, ಈ ಕೆಲಸವು ಮುಂದೆ ಯಾರಿಂದಲೂ ಆಗದೆಂಬ ತನ್ನ ಅಭಿಪ್ರಾಯವನ್ನೂ ಅದಕ್ಕೆ ಕೈಹಾಕುವವನಿಗೆ ಶಾಪವನ್ನೂ ಒಂದು ಕಲ್ಲಿನ ಮೇಲೆ ಬರೆಯಿಸಿ ನಿಲ್ಲಿಸಿದನೆಂದೂ ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು 1878ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೇಳಿರುವನು. ಆ ಕಲ್ಲು ತನ್ನ ಕಾಲದಲ್ಲಿಯೂ ನಿಂತಿದ್ದಿತೆಂಬುದು ಅವನ ಮಾತು. ಹೈದರನ ಯತ್ನವಾಗಿ ಸುಮಾರು ನೂರು ವರ್ಷಗಳ ತರುವಾಯ, 1874ರ ಜೂನ್ ತಿಂಗಳಿನಲ್ಲಿ, ಇದೇ ಸ್ಯಾಂಡರ್ಸನ್ನನು ಚಾಮರಾಜನಗರದ ಬಳಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಐವತ್ತಕ್ಕೂ ಹೆಚ್ಚು ಆನೆಗಳ ಒಂದು ಹಿಂಡನ್ನು ಸುತ್ತುಗಟ್ಟಿ ಹಿಡಿದನು. ಶಾಪವು ಫಲಿಸಲಿಲ್ಲವೆಂದು ಆಗಿನವರು ನಕ್ಕಿರಬಹುದು. ಆದರೆ ಆನೆಗೆ ಬೇಲಿ ಹಾಕುವುದು ಹಗುರವಾದ ಕೆಲಸವಲ್ಲವೆಂಬ ಹೈದರನ ಅನುಭವದಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಅದು ಈಗ ಆ ಸೀಮೆಯ ರೈತರಿಗೂ ಅರಣ್ಯ ಇಲಾಖೆಯವರಿಗೂ ಪ್ರತಿ ವರ್ಷದ ಸುಗ್ಗಿಯಲ್ಲಿ ತಿಳಿದುಬರುತ್ತಿರುವ ಸಂಗತಿಯೇ ಆಗಿದೆ.

ಆಗ ಬೇಲಿಯನ್ನು ಕಟ್ಟಿದುದು ಆನೆಯನ್ನು ಒಳಗೆ ತರುವುದಕ್ಕಾಗಿ. ಈಗ ಕಟ್ಟುತ್ತಿರುವುದು ಆನೆಯನ್ನು ಹೊಲದಿಂದ ಹೊರಗೆ ಇಡುವುದಕ್ಕಾಗಿ. ಉದ್ದೇಶಗಳು ಒಂದಕ್ಕೊಂದು ವಿರುದ್ಧವಾದುವು. ಆದರೂ ಎರಡು ಬಗೆಯ ಬೇಲಿಗಳೂ ಎದ್ದುದು ಒಂದೇ ಸೀಮೆಯಲ್ಲಿ, ಒಂದೇ ಜಾತಿಯ ಪ್ರಾಣಿಗಾಗಿ. ಕೆಲವೆಡೆಗಳಲ್ಲಿ ಒಂದೇ ಕಾಡಿನ ಅಂಚಿನಲ್ಲಿ. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಹಳೆಯ ಬೇಲಿಯು ಆನೆಯ ದಾರಿಯನ್ನು ಬಲ್ಲವರ ಕೈಕೆಲಸವಾಗಿದ್ದಿತು. ಹೊಸ ಬೇಲಿಯು ಬಹುಮಟ್ಟಿಗೆ ಭೂಪಟದ ಮೇಲಿನ ಗೆರೆಯನ್ನು ನೆಲದ ಮೇಲೆ ಎಳೆದುದಾಗಿದೆ. ಇಂದಿನ ಬೇಲಿಗಳು ಸೋಲುವುದಕ್ಕೂ, ಸೋಲುವಾಗ ಪ್ರಾಣಹಾನಿಯನ್ನು ಮಾಡುವುದಕ್ಕೂ ಈ ಭೇದವೇ ಮುಖ್ಯ ಕಾರಣವೆಂದು ತೋರುತ್ತದೆ. ಕಂಬದ ಗಾತ್ರ, ತಂತಿಯ ಬಲ ಮೊದಲಾದುವೆಲ್ಲ ಅನಂತರದ ಮಾತು.

ಬೇಲಿಗಿಂತಲೂ ಪ್ರಾಚೀನವಾದುದು ಕಂದಕ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಪಾಟಲಿಪುತ್ರಕ್ಕೆ ಬಂದಿದ್ದ ಯವನ ರಾಯಭಾರಿ ಮೆಗಾಸ್ಥನೀಸನು ಭಾರತೀಯರು ಆನೆ ಹಿಡಿಯುವ ಕ್ರಮವನ್ನು ವರ್ಣಿಸಿದ್ದನು. ಅವನ ಗ್ರಂಥವು ನಷ್ಟವಾಗಿದ್ದರೂ ಸ್ಟ್ರಾಬೋ ಮತ್ತು ಅರಿಯನ್ ಎಂಬ ಮುಂದಿನ ಲೇಖಕರು ಆ ಭಾಗವನ್ನು ಉಳಿಸಿಕೊಟ್ಟಿರುವರು. ಮರಗಳಿಲ್ಲದ ಒಂದು ಬಯಲನ್ನು ಆರಿಸಿಕೊಂಡು ಅದರ ಸುತ್ತಲೂ ಐದು ಮಾರು ಅಗಲ, ನಾಲ್ಕು ಮಾರು ಆಳದ ಕಂದಕವನ್ನು ತೋಡುವರು; ಅಗೆದ ಮಣ್ಣನ್ನು ಅಂಚಿನಲ್ಲಿ ಗೋಡೆಯಂತೆ ಏರಿಸುವರು; ಒಳಕ್ಕೆ ಹೋಗಲು ಕಿರಿದಾದ ಒಂದೇ ಒಂದು ಸೇತುವೆಯನ್ನು ಬಿಟ್ಟು, ಒಳಗಡೆ ಪಳಗಿದ ಮೂರು ನಾಲ್ಕು ಹೆಣ್ಣಾನೆಗಳನ್ನು ನಿಲ್ಲಿಸುವರು. ಕಾಡಾನೆಗಳು ಹಗಲು ಹತ್ತಿರ ಸುಳಿಯವು. ರಾತ್ರಿಯಲ್ಲಿ ಹೆಣ್ಣಾನೆಗಳ ವಾಸನೆಯನ್ನು ಹಿಡಿದು ಬಂದು ಸೇತುವೆಯನ್ನು ದಾಟುವುವು. ದಾಟಿದೊಡನೆ ಸೇತುವೆಯನ್ನು ತೆಗೆದುಬಿಡುವರು. ಈ ವರ್ಣನೆಯಲ್ಲಿ ಗಮನಿಸಬೇಕಾದುದು ಕಂದಕದ ಅಳತೆಯೊಂದೇ ಅಲ್ಲ. ಆನೆಯು ನೆಗೆಯಲಾರದೆಂಬ ದೇಹಸ್ವಭಾವ, ಅದು ಇರುಳಿನಲ್ಲಿ ಸಂಚರಿಸುವ ಅಭ್ಯಾಸ, ಮೂಗಿನಿಂದ ದಾರಿಯನ್ನು ಅರಿಯುವ ಶಕ್ತಿ, ಇವೆಲ್ಲವೂ ಆ ಕಂದಕದೊಳಗೆ ಸೇರಿಹೋಗಿವೆ. ನಾಲ್ಕು ಕಾಲುಗಳನ್ನೂ ಒಮ್ಮೆಗೇ ನೆಲದಿಂದ ಎತ್ತಿ ಹಾರುವುದು ಆನೆಗೆ ಸಾಧ್ಯವಿಲ್ಲ. ಇಷ್ಟು ದೊಡ್ಡ ಪ್ರಾಣಿಯನ್ನು ಒಂದು ಹಳ್ಳವು ತಡೆಯುವುದು ಇದರಿಂದಲೇ.

ಅದೇ ಕಾಲದ ಸಂಪ್ರದಾಯಕ್ಕೆ ಸೇರಿದುದೆನ್ನಲಾಗುವ ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯದ ಅಂಚಿನಲ್ಲಿ ಹಸ್ತಿವನವನ್ನು ಕಾಪಾಡಬೇಕೆಂದು ವಿಧಿಸುತ್ತದೆ. ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಕೋಶಾಗಾರದ ಓಲೆಗಳಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚುಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಆನೆಯನ್ನು ಕೊಂದವನಿಗೆ ವಧೆಯೇ ದಂಡ. ತಾನಾಗಿ ಸತ್ತ ಆನೆಯ ದಂತಗಳನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣಗಳ ಬಹುಮಾನ. ಇದು ದಯೆಯಿಂದ ಹುಟ್ಟಿದ ನಿಯಮವೆಂದು ಭ್ರಮಿಸಬೇಕಾಗಿಲ್ಲ. ಆನೆಯು ಸೈನ್ಯದ ಅಂಗವಾಗಿದ್ದಿತು, ಅಷ್ಟೆ. ಮುಂದಿನ ಗಜಶಾಸ್ತ್ರಗ್ರಂಥಗಳು ಆನೆ ಹಿಡಿಯುವ ಐದು ಬಗೆಗಳನ್ನು ಎಣಿಸುವುವು. ಸುತ್ತುಗಟ್ಟಿ ಹಿಡಿಯುವ ವಾರಿಬಂಧವು ಅವುಗಳಲ್ಲಿ ಮೊದಲನೆಯದು. ಗುಂಡಿಯಲ್ಲಿ ಕೆಡಹುವ ಅವಪಾತವು ಕೊನೆಯದು. ಗುಂಡಿಯ ಕ್ರಮದಿಂದ ಆನೆಗಳು ಸಾಯುವುದರಿಂದ ಅದು ತ್ಯಾಜ್ಯವೆಂದು ನೀಲಕಂಠನ ಮಾತಂಗಲೀಲೆಯು ಸ್ಪಷ್ಟವಾಗಿ ಹೇಳುತ್ತದೆ. ತಡೆಯೊಂದನ್ನು ಅದರ ಬಲದಿಂದ ಮಾತ್ರವಲ್ಲದೆ ಅದು ಪ್ರಾಣಿಗೆ ಮಾಡುವ ಅಪಾಯದಿಂದಲೂ ಅಳೆದು ನೋಡುವ ವಿಚಾರವು ಈ ದೇಶದಲ್ಲಿ ಹೊಸದಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಖೆಡ್ಡಾ ಎಂಬ ಮಾತು ಹಿಂದಿಯಿಂದ ಬಂದುದು. ಬೆನ್ನಟ್ಟಿ ಓಡಿಸುವುದು ಎಂಬುದು ಅದರ ಮೂಲಾರ್ಥ. ಕನ್ನಡದಲ್ಲಿ ಅದು ಬೇರೂರಿ, ಮೋಸದಿಂದ ಯಾರನ್ನಾದರೂ ಸಿಕ್ಕಿಸಿಹಾಕುವುದಕ್ಕೆ ಖೆಡ್ಡಾಕ್ಕೆ ಕೆಡಹುವುದೆಂಬ ನುಡಿಗಟ್ಟೇ ಹುಟ್ಟಿಕೊಂಡಿತು. ಈ ನುಡಿಗಟ್ಟಿನಲ್ಲಿ ಗುಂಡಿಯ ನೆನಪು ಉಳಿದಿದೆಯೇ ಹೊರತು ಬೇಲಿಯ ನೆನಪು ಇಲ್ಲ. ಮೈಸೂರಿನವರಿಗೆ ಹಳೆಯದಾಗಿ ಪರಿಚಿತವಾಗಿದ್ದುದು ಗುಂಡಿಯ ಕ್ರಮವೇ ಎಂಬುದನ್ನು ಇದರಿಂದ ಊಹಿಸಬಹುದು. ಸುತ್ತುಗಟ್ಟುವ ಕ್ರಮವು ಬಂಗಾಳದ ಕಡೆಯಲ್ಲಿ ಬಳಕೆಯಲ್ಲಿದ್ದಿತು. ಸ್ಯಾಂಡರ್ಸನ್ನನು ಅದನ್ನು ಈ ಸೀಮೆಯ ನೆಲಕ್ಕೆ ಹೊಂದುವಂತೆ ಮಾರ್ಪಡಿಸಿದನು.

ಆ ಕ್ರಮದ ವಿವರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಹಿಂಡು ಮೇಯುತ್ತಿರುವ ಕಾಡನ್ನು ಹಲವು ಮೈಲಿಗಳ ಸುತ್ತಳತೆಯಲ್ಲಿ ಜನರು ಸದ್ದಿಲ್ಲದೆ ಸುತ್ತುಗಟ್ಟುವರು. ಇಬ್ಬಿಬ್ಬರಂತೆ ಅಲ್ಲಲ್ಲಿ ನಿಂತು ಕೆಲವೇ ಗಂಟೆಗಳೊಳಗೆ ಸೀಳುಬಿದಿರಿನ ತೆಳ್ಳನೆಯ ಬೇಲಿಯೊಂದನ್ನು ಎಬ್ಬಿಸುವರು. ಈ ಬೇಲಿಯನ್ನು ಆನೆಯ ಮರಿಯೂ ಮುರಿಯಬಲ್ಲುದು. ಆದರೂ ಹಿಂಡು ಅದನ್ನು ಮುರಿಯುವುದು ಅಪರೂಪ. ಏಕೆಂದರೆ ಬೇಲಿಯ ಹಿಂದೆ ರಾತ್ರಿಯೆಲ್ಲ ಬೆಂಕಿ ಉರಿಯುತ್ತಿರುವುದು, ಮನುಷ್ಯರು ಎಚ್ಚರವಾಗಿರುವರು. ಸುತ್ತಿನೊಳಗೆ ನೀರೂ ಮೇವೂ ಇರುವಂತೆ ನೋಡಿಕೊಂಡಿರುವುದರಿಂದ ಆನೆಗಳಿಗೆ ಹೊರಡುವ ಆತುರವೂ ಇರದು. ಅಷ್ಟರೊಳಗೆ, ಅವು ದಿನವೂ ನಡೆದಾಡುವ ದಾರಿಯೊಂದರ ಮೇಲೆ, ಹನ್ನೆರಡು ಅಡಿ ಎತ್ತರದ ದಪ್ಪ ಮರದ ದಿಮ್ಮಿಗಳನ್ನು ನೆಟ್ಟು ದುಂಡನೆಯ ಸಣ್ಣ ಆವರಣವನ್ನು ಕಟ್ಟುವರು. ಅದರ ಬಾಗಿಲಿನಿಂದ ಎರಡು ಸಾಲು ಗೂಟಗಳು ಕತ್ತರಿಯಂತೆ ಅಗಲವಾಗಿ ಹಬ್ಬಿಕೊಂಡು ಕಾಡಿನೊಳಗೆ ಹೋಗುವುವು. ತಮಟೆ, ಕೂಗು, ಬರಿ ಮದ್ದಿನ ಗುಂಡುಗಳಿಂದ ಹಿಂಡನ್ನು ಆ ಕತ್ತರಿಯೊಳಕ್ಕೆ ಅಟ್ಟಿ, ಕಡೆಯ ಆನೆ ನುಗ್ಗಿದೊಡನೆ ಹಗ್ಗವನ್ನು ಕಡಿದು ಬಾಗಿಲನ್ನು ಬೀಳಿಸುವರು.

ಈ ಸನ್ನಾಹದಲ್ಲಿ ದಿಮ್ಮಿಗಳ ಬಲಕ್ಕಿಂತ ಮುಖ್ಯವಾದುದು ಸ್ಥಳದ ಆಯ್ಕೆ. ಆನೆಯು ಎಲ್ಲಿ ನೀರಿಗೆ ಇಳಿಯುತ್ತದೆ, ಯಾವ ಕಣಿವೆಯಲ್ಲಿ ಹಾದುಹೋಗುತ್ತದೆ, ಬೆದರಿದಾಗ ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ತಿಳಿಯದೆ ಕಟ್ಟಿದ ಆವರಣವು ಖಾಲಿಯಾಗಿಯೇ ಉಳಿಯುವುದು. ಸ್ಯಾಂಡರ್ಸನ್ನನಿಗೆ ಈ ತಿಳಿವಳಿಕೆಯನ್ನು ಒದಗಿಸಿದವರು ಆ ಕಾಡುಗಳ ಕುರುಬರೂ ಸೋಲಿಗರೂ. ಅವನೇ ಅವರ ಜಾಡು ಹಿಡಿಯುವ ನೈಪುಣ್ಯವನ್ನು ಮನಸಾರೆ ಹೊಗಳಿರುವನು. ಗ್ರಂಥದ ಮುಖಪುಟದಲ್ಲಿ ಹೆಸರು ಬಂದುದು ದೊರೆಯದು. ಆನೆಯ ದಾರಿ ಗೊತ್ತಿದ್ದುದು ಅವರಿಗೆ. ಮುಂದೆ ಕಾಕನಕೋಟೆಯಲ್ಲಿ ಪ್ರಖ್ಯಾತವಾದ ಖೆಡ್ಡಾಗಳಲ್ಲಿ ಹಿಂಡನ್ನು ಕಪಿಲಾನದಿಯ ನೀರಿನಲ್ಲಿಯೇ ದಾಟಿಸಿ ಆವರಣಕ್ಕೆ ಹೊಡೆಯುತ್ತಿದ್ದರು. 1906ರಲ್ಲಿಯೂ 1922ರಲ್ಲಿಯೂ ಆಗಿನ ವೇಲ್ಸಿನ ರಾಜಕುಮಾರರು ಮೈಸೂರಿಗೆ ಬಂದಾಗ ಮಹಾರಾಜರು ಇದನ್ನು ಅತಿಥಿಗಳಿಗಾಗಿ ಏರ್ಪಡಿಸಿದ್ದರು. ಈ ವೈಭವದ ಹಿಂದೆ ಆನೆಗಳಿಗೆ ಆಗುತ್ತಿದ್ದ ಹಿಂಸೆಯು ಸಾಮಾನ್ಯವಾದುದಲ್ಲ. ತಾಯಿಯಿಂದ ಅಗಲಿದ ಮರಿಗಳೂ, ಹಗ್ಗದ ಗಾಯಗಳಿಂದ ಸತ್ತ ಆನೆಗಳೂ ಆ ಚರಿತ್ರೆಯಲ್ಲಿ ಸೇರಿವೆ. ಆದುದರಿಂದ ಖೆಡ್ಡಾವನ್ನು ಹೊಗಳುವುದು ಇಲ್ಲಿಯ ಉದ್ದೇಶವಲ್ಲ. ಆ ಬೇಲಿಯು ಕೆಲವು ದಿನಗಳ ಮಟ್ಟಿಗೆ ನಿಂತು, ಕೆಲಸ ಮುಗಿದ ಮೇಲೆ ಕಾಡಿಗೆ ಕಾಡನ್ನು ಬಿಟ್ಟುಕೊಡುತ್ತಿದ್ದಿತೆಂಬುದನ್ನೂ, ಅದರ ಹಿಂದೆ ಯಾವಾಗಲೂ ಕಾವಲಿದ್ದಿತೆಂಬುದನ್ನೂ ಮಾತ್ರ ಗಮನಿಸಬೇಕು.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಬಂದಿತು; 1977ರಲ್ಲಿ ಆನೆಯನ್ನು ಅದರ ಮೊದಲನೆಯ ಅನುಸೂಚಿಗೆ ಸೇರಿಸಿದರು. ಈ ನಡುವೆ, 1974ರಲ್ಲಿ, ಕಪಿಲೆಗೆ ಕಟ್ಟಿದ ಅಣೆಕಟ್ಟು ಪೂರ್ಣವಾಗಿ, ಖೆಡ್ಡಾ ನಡೆಯುತ್ತಿದ್ದ ಕಾಡಿನ ಬಹುಭಾಗವು ಜಲಾಶಯದೊಳಗೆ ಮುಳುಗಿತು. ಹೀಗೆ ಹಿಡಿಯುವ ಬೇಲಿಯ ಕಾಲವು ಮುಗಿದು ತಡೆಯುವ ಬೇಲಿಯ ಕಾಲವು ಆರಂಭವಾಯಿತು.

ತಡೆಯುವ ಬೇಲಿಗೆ ಬೇಕಾದ ಗೆರೆಯು ಮಾತ್ರ ಬಹು ಹಿಂದೆಯೇ ಸಿದ್ಧವಾಗಿದ್ದಿತು. ಮೈಸೂರಿನಲ್ಲಿ ಅರಣ್ಯ ಇಲಾಖೆಯು ಏರ್ಪಟ್ಟುದು 1864ರಲ್ಲಿ. ಅಂದಿನಿಂದ ಕಾದಿಟ್ಟ ಅರಣ್ಯಗಳಿಗೆ ಎಲ್ಲೆಗಳು ಗೊತ್ತಾದುವು. ಅವು ಮರಮುಟ್ಟಿನ ಆದಾಯವನ್ನೂ ಕಂದಾಯದ ಭೂಮಿಯನ್ನೂ ಬೇರ್ಪಡಿಸುವ ಎಲ್ಲೆಗಳು. ಆನೆಯು ಎಲ್ಲಿ ಮೇಯುತ್ತದೆಂಬ ಪ್ರಶ್ನೆಯು ಆ ಅಳತೆಗಾರರ ಮುಂದೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆನೆಯಾದರೋ ವರ್ಷದ ಋತುಗಳಿಗನುಸಾರವಾಗಿ ನೂರಾರು ಚದರ ಕಿಲೋಮೀಟರುಗಳ ವಿಸ್ತಾರದಲ್ಲಿ ತಿರುಗುವ ಪ್ರಾಣಿ. ಬೇಸಗೆಯಲ್ಲಿ ಹೊಳೆಯ ದಡ, ಮುಂಗಾರು ಬಿದ್ದ ಮೇಲೆ ಹುಲ್ಲು ಚಿಗುರಿದ ಕುರುಚಲು ಕಾಡು. ಇವೆರಡರ ನಡುವೆ ತಾಯಿಯಾನೆಗಳು ಮರಿಗಳಿಗೆ ತೋರಿಸಿಕೊಟ್ಟ ದಾರಿಗಳು. ಆ ದಾರಿಗಳ ಮೇಲೆ ಕಾಲಕ್ರಮದಲ್ಲಿ ಹೊಲಗಳೂ ಕಾಲುವೆಗಳೂ ರಸ್ತೆಗಳೂ ಬಂದುವು.

ಹೊಲಕ್ಕೆ ಆನೆ ನುಗ್ಗುವುದಕ್ಕೆ ದಾರಿ ತಪ್ಪಿದುದೊಂದೇ ಕಾರಣವಲ್ಲ. 1980ರ ದಶಕದ ಮೊದಲಲ್ಲಿ ಬಿಳಿಗಿರಿರಂಗನ ಬೆಟ್ಟಗಳ ಪ್ರದೇಶದಲ್ಲಿ ಸಂಶೋಧನೆಯನ್ನು ನಡೆಸಿದ ರಾಮನ್ ಸುಕುಮಾರ್ ಅವರು ರಾಗಿಯಂತಹ ಬೆಳೆಯಲ್ಲಿ ಕಾಡುಹುಲ್ಲಿಗಿಂತ ಹೆಚ್ಚಾದ ಸಸಾರಜನಕವೂ ಸುಣ್ಣದ ಅಂಶವೂ ಸೋಡಿಯಮ್ಮೂ ಇರುವುದನ್ನು ತೋರಿಸಿದರು. ಬೆಳೆಗೆ ನುಗ್ಗುವುದರಲ್ಲಿ ತಾಯಿಮರಿಗಳ ಹಿಂಡುಗಳಿಗಿಂತ ಪ್ರಾಯದ ಗಂಡಾನೆಗಳೇ ಬಹಳ ಮುಂದೆಂಬುದನ್ನೂ ಅವರು ಕಂಡರು. ತೆನೆ ಹಾಲುಗಟ್ಟಿದ ರಾಗಿಯ ಹೊಲವು ಆನೆಯ ಪಾಲಿಗೆ ಕಾಡಿನ ಅಂಚಿನಲ್ಲಿ ಬಡಿಸಿಟ್ಟ ಎಲೆಯಿದ್ದಂತೆ. ರೈತನ ಪಾಲಿಗೆ ಅದು ಒಂದು ವರ್ಷದ ಅನ್ನ. ಅವನು ಅಟ್ಟಣೆಯ ಮೇಲೆ ಚಳಿಯಲ್ಲಿ ಕುಳಿತು, ತಮಟೆ ಬಡಿದು, ಪಂಜು ಹಿಡಿದು ಕಾಯುತ್ತಾನೆ. ಎಷ್ಟೋ ಸಲ ಆ ಕಾವಲಿನಲ್ಲಿಯೇ ಪ್ರಾಣವನ್ನು ಕಳೆದುಕೊಳ್ಳುತ್ತಾನೆ. 2023ರ ಗಣತಿಯಲ್ಲಿ ಕರ್ನಾಟಕದ ಕಾಡಾನೆಗಳ ಸಂಖ್ಯೆಯು 6,395 ಎಂದು ಅಂದಾಜಾಯಿತು. ಇಷ್ಟು ಆನೆಗಳು ಬೇರೆ ಯಾವ ರಾಜ್ಯದಲ್ಲಿಯೂ ಅಂದು ಕಂಡುಬರಲಿಲ್ಲ. ಇದು ಹೆಮ್ಮೆಯ ವಿಷಯವೆಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಬೇಲಿ ಬೇಕೆಂದು ಕಾಡಂಚಿನ ರೈತನು ಕೇಳುವುದರಲ್ಲಿ ಅನ್ಯಾಯವೇನೂ ಇಲ್ಲ. ಯಾವ ಬೇಲಿ, ಎಲ್ಲಿ ಎಂಬುದೇ ಪ್ರಶ್ನೆ.

ಮೊದಲು ಬಂದುದು ಕಂದಕ. ಮೆಗಾಸ್ಥನೀಸನ ಕಂದಕವೇ, ಒಳಹೊರಗು ತಿರುಗಿ ಬಂದುದು. ಸಾಮಾನ್ಯವಾಗಿ ಮೂರು ಮೀಟರು ಆಳ, ಬಾಯಿಯಲ್ಲಿ ಮೂರು ಮೀಟರು ಅಗಲ, ತಳದಲ್ಲಿ ಕಿರಿದು. ಹೊಸದಾಗಿ ತೋಡಿದಾಗ ಇದು ಚೆನ್ನಾಗಿ ಕೆಲಸಮಾಡುತ್ತದೆ. ಎರಡು ಮಳೆಗಾಲಗಳು ಕಳೆಯುವಷ್ಟರಲ್ಲಿ ಎರೆಯ ಮಣ್ಣು ಕುಸಿಯುತ್ತದೆ. ಆನೆಯು ಅಂಚನ್ನು ಮುಂಗಾಲಿನಿಂದ ಕೆದರಿ ಇಳಿಜಾರು ಮಾಡಿಕೊಳ್ಳುತ್ತದೆ. ಹಾಸುಬಂಡೆಯಿರುವೆಡೆಯಲ್ಲಿಯೂ ಹಳ್ಳ ಹರಿಯುವೆಡೆಯಲ್ಲಿಯೂ ಕಂದಕವನ್ನು ತೋಡುವಂತೆಯೇ ಇಲ್ಲ. ದನ ಮೇಯಿಸುವವರೂ ಸೌದೆ ತರುವವರೂ ತಮ್ಮ ಅನುಕೂಲಕ್ಕಾಗಿ ಅಲ್ಲಲ್ಲಿ ಮುಚ್ಚಿ ದಾಟುದಾರಿಯನ್ನು ಮಾಡಿಕೊಳ್ಳುತ್ತಾರೆ. ಅದೇ ದಾಟುದಾರಿ ಆನೆಗೂ ಆಗುತ್ತದೆ. ಇನ್ನೊಂದು ದೋಷವೂ ಉಂಟು. ಕಂದಕವು ಆನೆಯೊಂದನ್ನೇ ತಡೆಯುವುದಿಲ್ಲ. ತೆವಳುವ ಆಮೆಯಿಂದ ಹಿಡಿದು ಆನೆಯ ಮರಿಯವರೆಗೆ, ಬಿದ್ದು ಮೇಲೇರಲಾರದ ಪ್ರಾಣಿಗಳಿಗೆಲ್ಲ ಅದು ಗುಂಡಿಯೇ. ಗಜಶಾಸ್ತ್ರದವರು ಬಿಡಬೇಕೆಂದ ಅವಪಾತವು ಮೈಲಿಗಟ್ಟಲೆ ಉದ್ದವಾಗಿ ಹೀಗೆ ಮರಳಿ ಬಂದಂತಾಯಿತು.

ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ವಿದ್ಯುತ್ತಿನ ಬೇಲಿಯು ಹರಡಿತು. ಬಿಸಿಲಿನಿಂದ ತುಂಬಿಕೊಳ್ಳುವ ಬ್ಯಾಟರಿಯಿಂದ ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಹರಿಯುವ ವಿದ್ಯುತ್ತು ಪ್ರಾಣಿಗೆ ಬಲವಾದ ಪೆಟ್ಟನ್ನು ಕೊಟ್ಟರೂ ಕೊಲ್ಲುವುದಿಲ್ಲ. ಈ ಬೇಲಿಯ ಬಲವು ಆನೆಯ ಮನಸ್ಸಿನಲ್ಲಿರತಕ್ಕುದು, ತಂತಿಯಲ್ಲಿರತಕ್ಕುದಲ್ಲ. ಆದ್ದರಿಂದಲೇ ಹುಲ್ಲು ತಾಗಿ ವಿದ್ಯುತ್ತು ಸೋರಿಹೋದ ಅಥವಾ ಬ್ಯಾಟರಿ ಕಳುವಾದ ಬೇಲಿಯನ್ನು ಒಮ್ಮೆ ಮುಟ್ಟಿ ನೋಡಿದ ಆನೆಯು ಮುಂದೆ ಅದಕ್ಕೆ ಅಂಜುವುದಿಲ್ಲ. ದಂತದಲ್ಲಿ ವಿದ್ಯುತ್ತು ಹರಿಯದೆಂಬುದನ್ನು ಗಂಡಾನೆಗಳು ಬಹು ಬೇಗ ಕಲಿತುವು. ದಂತದಿಂದ ತಂತಿಯನ್ನು ಮೀಟಿ ಕಿತ್ತವು, ಮರವನ್ನು ತಂತಿಯ ಮೇಲೆ ಕೆಡಹಿ ದಾಟಿದವು. ಸೀಳುಬಿದಿರಿನ ಬೇಲಿಯು ಹಿಂಡನ್ನು ತಡೆದುದು ಹಿಂದೆ ಮನುಷ್ಯನಿದ್ದುದರಿಂದ. ಸೌರವಿದ್ಯುತ್ತಿನ ಬೇಲಿಯು ಚೆನ್ನಾಗಿ ನಡೆದಿರುವ ಊರುಗಳಲ್ಲಿಯೂ ಸಂಗತಿಯು ಇದೇ: ಹುಲ್ಲು ಸವರಿ, ತಂತಿ ಬಿಗಿದು, ದಿನವೂ ನಡೆದು ನೋಡುವ ಊರಿನವರಿರುವಲ್ಲಿ ಬೇಲಿಯು ಉಳಿಯುತ್ತದೆ, ಹಾಕಿಹೋದವರು ತಿರುಗಿ ನೋಡದಿರುವಲ್ಲಿ ಅದು ಒಂದೆರಡು ವರ್ಷಗಳಲ್ಲಿ ಹಳೆಯ ಕಬ್ಬಿಣವಾಗುತ್ತದೆ.

ಇದರೊಡನೆ ಎಂದಿಗೂ ಬೆರಸಬಾರದುದು ಕಂಬದಿಂದ ನೇರವಾಗಿ ಎಳೆದ ವಿದ್ಯುತ್ತಿನ ತಂತಿ. ಅದು ಬೇಲಿಯಲ್ಲ, ಕೊಲೆಯ ಸಾಧನ. ಹಂದಿಗಾಗಿ ಹಾಕಿದುದೆಂದು ಹೇಳಿದರೂ ಅದರಲ್ಲಿ ಆನೆಗಳೂ, ದನಗಳೂ, ಮನುಷ್ಯರೂ ಸತ್ತಿರುವರು. ಹಂದಿಗೆಂದು ಬೇಲಿಯ ಕಂಡಿಗಳಲ್ಲಿ ಕಟ್ಟುವ ತಂತಿಯ ಉರುಳೂ ಇದೇ ಜಾತಿಯದು. ಅದರಲ್ಲಿ ಸಿಕ್ಕಿ ನರಳಿದ ಚಿರತೆಗಳು ಕರ್ನಾಟಕದಲ್ಲಿ ಅನೇಕ.

ಮೂರನೆಯದು ರೈಲುಕಂಬಿಯ ಬೇಲಿ. ಹಳೆಯ ರೈಲುಕಂಬಿಗಳನ್ನು ಕಂಬಗಳಾಗಿ ನೆಟ್ಟು, ಅಡ್ಡಕ್ಕೂ ಅವನ್ನೇ ಬಿಗಿದು ನಾಗರಹೊಳೆ, ಬಂಡೀಪುರಗಳ ಅಂಚಿನಲ್ಲಿ 2010ರ ದಶಕದಿಂದ ಇದನ್ನು ಹಾಕುತ್ತ ಬಂದಿದ್ದಾರೆ. ಮೇಲುನೋಟಕ್ಕೆ ಇದು ಬರಿಯ ದಾರ್ಢ್ಯದ ಮಾತಾಗಿ ಕಾಣುತ್ತದೆ. ವಾಸ್ತವದಲ್ಲಿ ಇದರ ಗುಣವಿರುವುದು ಇದರ ಖಾಲಿ ಜಾಗದಲ್ಲಿ. ಅಡ್ಡಕಂಬಿಗಳ ನಡುವಣ ಕಂಡಿಯಲ್ಲಿ ಜಿಂಕೆಯೂ ಹಂದಿಯೂ ಸರಾಗವಾಗಿ ನುಸುಳಬಲ್ಲವು. ಆನೆಯು ಮಾತ್ರ ನಿಲ್ಲಬೇಕಾಗುತ್ತದೆ. ಹಂದಿ ನುಸುಳುವುದು ರೈತನಿಗೆ ಹಿತವಲ್ಲವೆಂಬುದು ನಿಜ. ಆದರೂ ಒಂದು ಪ್ರಾಣಿಗಾಗಿ ಕಟ್ಟಿದುದು ಉಳಿದವುಗಳ ದಾರಿಯನ್ನು ಮುಚ್ಚದಿರುವುದು ಕಂದಕದಲ್ಲಿಲ್ಲದ ಗುಣ. ದೋಷವಿಲ್ಲವೆಂದಲ್ಲ. ಹಳ್ಳಗಳಲ್ಲಿ ಬಿಟ್ಟ ಕಂಡಿಗಳನ್ನು ಆನೆಗಳು ಹುಡುಕಿಕೊಂಡವು. ಕೆಲವು ಗಂಡಾನೆಗಳು ಮುಂಗಾಲುಗಳನ್ನು ಮೇಲುಕಂಬಿಯ ಮೇಲಿಟ್ಟು ಹೊಟ್ಟೆಯನ್ನು ಎಳೆದುಕೊಂಡು ದಾಟುವುದನ್ನು ಕಲಿತುವು. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯ ಕಡೆಯಲ್ಲಿ ಹೀಗೆ ದಾಟಹೋದ ಒಂದು ಗಂಡಾನೆಯು ಕಂಬಿಯ ಮೇಲೆಯೇ ಸಿಕ್ಕಿ ಸತ್ತಿತು. ಹೊಲದಿಂದ ಕಾಡಿಗೆ ಮರಳುತ್ತಿದ್ದ ಆನೆ ಅದು. ಬೇಲಿಯು ಆನೆಯನ್ನು ಬರುವಾಗ ತಡೆಯಲಿಲ್ಲ, ಹೋಗುವಾಗ ತಡೆಯಿತು.

ರೈಲುಕಂಬಿಯಿಂದ ಆನೆಯನ್ನು ತಡೆಯುವ ವಿಚಾರಕ್ಕೆ ಆಫ್ರಿಕಾ ಖಂಡದಲ್ಲಿ ಒಂದು ಹಳೆಯ ಪೂರ್ವೋದಾಹರಣೆಯುಂಟು. ಅದು ಬೇಲಿಯ ಎರಡು ಮುಖಗಳನ್ನೂ ತೋರಿಸುವುದರಿಂದ ಇಲ್ಲಿ ಹೇಳತಕ್ಕುದಾಗಿದೆ. ದಕ್ಷಿಣ ಆಫ್ರಿಕದ ಆಡೋ ಎಂಬಲ್ಲಿ ಕಿತ್ತಳೆಯ ತೋಟಗಾರರಿಗೂ ಆನೆಗಳಿಗೂ ವೈರ ಬೆಳೆದು, 1919-20ರಲ್ಲಿ ಪ್ರಿಟೋರಿಯಸ್ ಎಂಬ ಬೇಟೆಗಾರನು ಸರಕಾರದ ಪರವಾಗಿ ನೂರಕ್ಕೂ ಹೆಚ್ಚು ಆನೆಗಳನ್ನು ಕೊಂದನು. 1931ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾದಾಗ ಉಳಿದಿದ್ದುವು ಹನ್ನೊಂದು ಆನೆಗಳು. ಅವು ಉದ್ಯಾನವನ್ನು ಬಿಟ್ಟು ಹೊರಗೆ ಹೋಗದಿರಲೆಂದು ಕಿತ್ತಳೆಹಣ್ಣುಗಳನ್ನು ತಂದು ಸುರಿಯುವ ಪದ್ಧತಿಯನ್ನು ಹಿಡಿದರು. ಕೊನೆಗೆ ಆರ್ಮ್‌ಸ್ಟ್ರಾಂಗ್ ಎಂಬ ಅಧಿಕಾರಿಯು ಟ್ರಾಮಿನ ಕಂಬಿಗಳನ್ನೂ ಲಿಫ್ಟುಗಳ ಉಕ್ಕಿನ ಹಗ್ಗಗಳನ್ನೂ ಬಳಸಿ, 1954ರಲ್ಲಿ, 2,270 ಹೆಕ್ಟೇರು ಭೂಮಿಯನ್ನು ಸುತ್ತುಗಟ್ಟಿದನು. ಬೇಲಿಯು ಸಫಲವಾಯಿತು; ಆನೆಗಳು ಉಳಿದುವು, ಬೆಳೆದುವು. ಬೆಳೆದಂತೆಲ್ಲ ಬೇಲಿಯ ಒಳಗಿನ ಪೊದೆಗಾಡು ಸವೆಯಿತು. ಆನೆಗೆ ದಕ್ಕದ ಹೊರಗಿನ ಸಸ್ಯಗಳೊಡನೆ ಹೋಲಿಸಿ ನೋಡಿದವರಿಗೆ ಬೇಲಿಯ ಎರಡು ಕಡೆಗಳ ವ್ಯತ್ಯಾಸವು ಕಣ್ಣಿಗೆ ಹೊಡೆಯುವಂತಿತ್ತು. ಕಿತ್ತಳೆಗಾಗಿ ಆನೆಗಳು ಒಂದರ ಮೇಲೊಂದು ಬಿದ್ದು ಗುದ್ದಾಡುತ್ತಿದ್ದುದರಿಂದ 1978ರಲ್ಲಿ ಆ ಪದ್ಧತಿಯನ್ನೂ ನಿಲ್ಲಿಸಿದರು. ಬೇಲಿಯನ್ನು ಹಿಗ್ಗಿಸಿ ಹೆಚ್ಚು ನೆಲವನ್ನು ಕೊಡುತ್ತ ಬಂದುದೇ ಆಡೋದ ಮುಂದಿನ ಚರಿತ್ರೆ.

ಬೇಲಿಯನ್ನು ಪ್ರಾಣಿಯ ಮೈಗೆ ಅಳೆದು ಕಟ್ಟಬೇಕೆಂಬುದನ್ನು ವಿವರವಾಗಿ ಕಂಡುಕೊಂಡವರು ಅಮೆರಿಕದ ಪಶ್ಚಿಮ ಬಯಲುಗಳವರು. ಗ್ಲಿಡನ್ ಎಂಬವನಿಗೆ 1874ರಲ್ಲಿ ಮುಳ್ಳುತಂತಿಯ ಹಕ್ಕುಪತ್ರವು ದೊರೆತ ಮೇಲೆ ಆ ಬಯಲುಗಳೆಲ್ಲ ತಂತಿಯಿಂದ ತುಂಡಾದುವು. ಸ್ಯಾಂಡರ್ಸನ್ನನ ಖೆಡ್ಡಾದ ವರ್ಷವೇ ಇದೂ ಆಗಿರುವುದು ಆಕಸ್ಮಿಕ. ಅಲ್ಲಿಯ ಪ್ರಾಂಗ್‌ಹಾರ್ನ್ ಎಂಬ, ನಮ್ಮ ಕೃಷ್ಣಮೃಗವನ್ನು ಹೋಲುವ ಪ್ರಾಣಿಯು ಓಟದಲ್ಲಿ ಅದ್ವಿತೀಯವಾದರೂ ಬೇಲಿಯನ್ನು ಹಾರುವುದಿಲ್ಲ, ಕೆಳಗೆ ನುಸುಳುತ್ತದೆ. ವಯೋಮಿಂಗ್ ಪ್ರಾಂತದಲ್ಲಿ 1983ರಲ್ಲಿ ಒಬ್ಬ ಪಶುಪಾಲಕನು ಎಬ್ಬಿಸಿದ 28 ಮೈಲಿಗಳ ಬಲೆತಂತಿಯ ಬೇಲಿಗೆ ಸಿಕ್ಕಿ ಅವು ಚಳಿಗಾಲದ ಮೇವಿಗೆ ಹೋಗಲಾರದೆ ಸತ್ತುವು. ಸಾರ್ವಜನಿಕ ಭೂಮಿಯನ್ನು ಅಕ್ರಮವಾಗಿ ಸುತ್ತುಗಟ್ಟಬಾರದೆಂದು 1885ರಲ್ಲಿ ಬಂದಿದ್ದ ಕಾಯಿದೆಯು ಕಾಡುಪ್ರಾಣಿಗಳ ಸಂಚಾರವನ್ನೂ ರಕ್ಷಿಸುತ್ತದೆಂದು ಮೇಲಿನ ನ್ಯಾಯಾಲಯವು 1988ರಲ್ಲಿ ತೀರ್ಪುಕೊಟ್ಟಿತು. ಈಗ ಅಲ್ಲಿ ಸಲಹೆಮಾಡುವ ಬೇಲಿಯಲ್ಲಿ ಎಲ್ಲಕ್ಕೂ ಕೆಳಗಿನ ತಂತಿಯು ಮುಳ್ಳಿಲ್ಲದೆ ನೆಲದಿಂದ 16ರಿಂದ 18 ಅಂಗುಲ ಮೇಲಿರಬೇಕು. ಎಲ್ಲಕ್ಕೂ ಮೇಲಿನದು 42 ಅಂಗುಲವನ್ನು ಮೀರಬಾರದು. ಮೇಲಿನ ಎರಡು ತಂತಿಗಳ ನಡುವೆ 12 ಅಂಗುಲ ಬಿಡಬೇಕು. ಹಾರುವ ಜಿಂಕೆಯ ಹಿಂಗಾಲು ಆ ಎರಡು ತಂತಿಗಳ ನಡುವೆ ತಿರುಚಿಕೊಂಡು ಸಿಕ್ಕುವುದೇ ಕಡೆಯ ಅಳತೆಗೆ ಕಾರಣ. ಒಂದೊಂದು ಅಂಗುಲದ ಹಿಂದೆಯೂ ಒಂದೊಂದು ಸಾವಿನ ಪಾಠವಿದೆ. ದನವನ್ನು ಹಿಡಿದಿಡುವುದಕ್ಕೂ ಈ ಬೇಲಿಯು ಸಾಕಾಗುತ್ತದೆ.

ಕರ್ನಾಟಕದಲ್ಲಿಯೂ ನೆರೆಯ ರಾಜ್ಯಗಳಲ್ಲಿಯೂ ಈಚೆಗೆ ಬಳಕೆಗೆ ಬಂದಿರುವ ತೂಗುವ ಸೌರಬೇಲಿಯು ಇದೇ ಬಗೆಯ ವಿಚಾರದಿಂದ ಹುಟ್ಟಿದುದು. ಎತ್ತರವಾದ ಕಂಬಗಳ ಮೇಲೆ ಒಂದು ತಂತಿಯನ್ನು ಎಳೆದು, ಅದರಿಂದ ಸಣ್ಣ ತಂತಿಗಳನ್ನು ಆಲದ ಬಿಳಲುಗಳಂತೆ ಇಳಿಬಿಡುತ್ತಾರೆ. ಅವು ನೆಲವನ್ನು ಮುಟ್ಟುವುದಿಲ್ಲ. ಆದ್ದರಿಂದ ಹುಲ್ಲಿಗೆ ತಾಗಿ ವಿದ್ಯುತ್ತು ಸೋರುವುದು ಕಡಿಮೆ. ಸಣ್ಣ ಪ್ರಾಣಿಗಳು ಅಡಿಯಲ್ಲಿ ಹಾದುಹೋಗುವುವು. ತೂಗಾಡುವ ತಂತಿಯನ್ನು ದಂತದಿಂದ ಮೀಟುವುದೂ ಕಷ್ಟ. ಜೇನಿನ ಬೇಲಿಯೂ ಉಂಟು. ಆನೆಯು ಜೇನುನೊಣಕ್ಕೆ ಅಂಜುವುದನ್ನು ಕೀನ್ಯಾ ದೇಶದಲ್ಲಿ ಪರೀಕ್ಷಿಸಿ ತಂತಿಯಲ್ಲಿ ಗೂಡುಗಳನ್ನು ತೂಗಹಾಕಿದರು. 2021ರ ಮಾರ್ಚಿಯಲ್ಲಿ ಕೊಡಗಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಜೇನುಪೆಟ್ಟಿಗೆಗಳನ್ನಿಟ್ಟು ಇದನ್ನು ಪ್ರಯೋಗಿಸಿತು. ನೊಣಗಳು ರಾತ್ರಿಯಲ್ಲಿಯೂ ಚಳಿಯಲ್ಲಿಯೂ ಗೂಡು ಬಿಟ್ಟು ಹೊರಡಲು ಮನಸ್ಸು ಮಾಡವು. ಆನೆ ಬರುವುದು ರಾತ್ರಿಯಲ್ಲಿ. ಜೇನಿನ ಆದಾಯವು ಬೇರೆ ಮಾತು.

ಬೇಲಿಯ ಆಕಾರಕ್ಕಿಂತ ಅದರ ಸ್ಥಾನವೇ ಹಿರಿದೆಂಬುದನ್ನು ತೋರಿಸುವ ಅತ್ಯಂತ ದೊಡ್ಡ ಉದಾಹರಣೆಯು ಸಿಂಹಳದ್ವೀಪದ್ದು. ಅಲ್ಲಿಯೂ ಖೆಡ್ಡಾದಂತಹ ಕ್ರಾಲ್ ಎಂಬ ಪದ್ಧತಿಯಿದ್ದು, ಕೊನೆಯದು 1950ರಲ್ಲಿ ಪಾನಮುರೆಯಲ್ಲಿ ನಡೆಯಿತು. ಅನಂತರ ಸಾವಿರಾರು ಕಿಲೋಮೀಟರು ವಿದ್ಯುತ್ತಿನ ಬೇಲಿಗಳನ್ನು ಹಾಕಿದರು. ಅವುಗಳಲ್ಲಿ ಬಹಳಷ್ಟನ್ನು ಎಳೆದುದು ಒಂದು ಇಲಾಖೆಯ ಕಾಡಿಗೂ ಇನ್ನೊಂದು ಇಲಾಖೆಯ ಕಾಡಿಗೂ ನಡುವಣ ಎಲ್ಲೆಯಲ್ಲಿ. ಬೇಲಿಯ ಆ ಕಡೆಯೂ ಆನೆ, ಈ ಕಡೆಯೂ ಆನೆ! ಪೃಥ್ವಿರಾಜ್ ಫರ್ನಾಂಡೊ ಮೊದಲಾದ ಅಲ್ಲಿಯ ಸಂಶೋಧಕರು ಇದನ್ನು ಎತ್ತಿ ತೋರಿಸಿ ಬೇರೊಂದು ದಾರಿಯನ್ನು ಹಿಡಿದರು. ಬೇಲಿಯನ್ನು ಕಾಡಿನ ಸುತ್ತ ಹಾಕದೆ ಊರಿನ ಸುತ್ತ ಹಾಕುವುದು. ಗದ್ದೆಗೆ ಹಾಕುವ ಬೇಲಿಯನ್ನು ಬಿತ್ತುವಾಗ ಕಟ್ಟಿ ಕೊಯ್ಲಾದ ಮೇಲೆ ರೈತರೇ ಬಿಚ್ಚಿಡುವುದು. ಬಿಚ್ಚಿದ ಮೇಲೆ ಆನೆಗಳು ಬಂದು ಕೂಳೆಯನ್ನು ಮೇಯುತ್ತವೆ. ಬೇಸಗೆಯ ಮೇವಿನ ಕೊರತೆಯು ಅಷ್ಟರಮಟ್ಟಿಗೆ ತಗ್ಗುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚುವ ಬೇಲಿ, ಹಿಂದೆ ಕಾವಲಿರುವ ಬೇಲಿ: ಇವೆರಡೂ ಖೆಡ್ಡಾದವರಿಗೆ ತಿಳಿದಿದ್ದ ಗುಣಗಳೇ.

ಕರ್ನಾಟಕದ ಉಚ್ಚ ನ್ಯಾಯಾಲಯದ ಆದೇಶದಂತೆ ಏರ್ಪಟ್ಟ ಆನೆ ಕಾರ್ಯಪಡೆಯು 2012ರಲ್ಲಿ ಕೊಟ್ಟ ವರದಿಯು ರಾಜ್ಯದ ಆನೆಯ ನೆಲವನ್ನು ಮೂರಾಗಿ ವಿಂಗಡಿಸಿತು: ಆನೆಗೇ ಮೀಸಲಾಗತಕ್ಕ ವಲಯ, ಮನುಷ್ಯನೂ ಆನೆಯೂ ಹೊಂದಿಕೊಂಡಿರತಕ್ಕ ವಲಯ, ಆನೆಯನ್ನು ತೆಗೆದುಬಿಡತಕ್ಕ ವಲಯ. ಹಾಸನ ಜಿಲ್ಲೆಯ ಆಲೂರಿನ ಕಡೆಯಲ್ಲಿ ಮೂರನೆಯ ಮಾರ್ಗವನ್ನು ಅನುಸರಿಸಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಕೆಲವು ವರ್ಷಗಳಲ್ಲಿಯೇ ಬೇರೆ ಆನೆಗಳು ಆ ಕಾಫಿತೋಟಗಳ ಸೀಮೆಯಲ್ಲಿ ಕಾಣಿಸಿಕೊಂಡವು. ಈ ವಿಂಗಡಣೆಯ ಗುಣವೆಂದರೆ, ಎಲ್ಲ ಕಡೆಗೂ ಒಂದೇ ಬೇಲಿಯೆಂಬ ಭ್ರಮೆಯನ್ನು ಅದು ಬಿಡಿಸಿತು. ನೀಲಗಿರಿಯ ಸೀಗೂರು ಪ್ರಸ್ಥಭೂಮಿಯು ಬಂಡೀಪುರ, ಮುದುಮಲೆಗಳ ಕಾಡುಗಳನ್ನು ಪೂರ್ವಘಟ್ಟದ ಕಾಡುಗಳೊಡನೆ ಕೂಡಿಸುವ ಸ್ಥಳ; ಅಲ್ಲಿ ವಿಹಾರಗೃಹಗಳೂ ಅವುಗಳ ಬೇಲಿಗಳೂ ಆನೆಯ ದಾರಿಯನ್ನು ಕಿರಿದುಮಾಡಿದ್ದುವು. ತಮಿಳುನಾಡಿನ ಸರಕಾರವು 2010ರಲ್ಲಿ ಅದನ್ನು ಆನೆಯ ದಾರಿಯೆಂದು ಘೋಷಿಸಿದುದನ್ನು ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ಭೂಪಟದ ಮೇಲೆ ಆನೆಯ ಹೆಸರಿನಲ್ಲಿಯೂ ಒಂದು ಗೆರೆಯನ್ನು ಎಳೆಯಬಹುದೆಂಬುದು ಅದರಿಂದ ಸ್ಥಾಪಿತವಾಯಿತು.

ಇನ್ನೊಂದು ಸಣ್ಣ ಗೆರೆಯು ಕೊಳ್ಳೇಗಾಲದ ಕಾಡಿನಲ್ಲಿದೆ. ಬಿಳಿಗಿರಿರಂಗನ ಬೆಟ್ಟದಿಂದ ಪೂರ್ವಕ್ಕೆ ಆನೆಗಳು ಹಾದುಹೋಗುವ ಎಡೆಯರಹಳ್ಳಿ-ದೊಡ್ಡಸಂಪಿಗೆಯ ದಾರಿಯಲ್ಲಿ ಒಂದಿಷ್ಟು ಹಿಡುವಳಿಯ ಹೊಲಗಳು ಅಡ್ಡಬಂದಿದ್ದುವು. 2000ರ ದಶಕದಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಗಳು ಸೇರಿ, ಮಾಲೀಕರ ಒಪ್ಪಿಗೆಯಿಂದ, ಸುಮಾರು 25 ಎಕರೆಯನ್ನು ಬೆಲೆಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದುವು. ಸ್ಯಾಂಡರ್ಸನ್ನನು ಮೊದಲ ಹಿಂಡನ್ನು ಸುತ್ತುಗಟ್ಟಿದ ಬೆಟ್ಟಸಾಲಿನ ಇನ್ನೊಂದು ಮಗ್ಗುಲು ಅದು. ಬೇಸಾಯ ನಿಂತ ಆ ತುಂಡುಭೂಮಿಯಲ್ಲಿ ಮತ್ತೆ ಹುಲ್ಲೂ ಪೊದೆಯೂ ಎದ್ದುವು. ಅದರ ಮೇಲೆ ಯಾರೂ ಬೇಲಿಯನ್ನು ಹಾಕಲಿಲ್ಲ.